ನೀರಿಗೆ ಉಡಿ ತುಂಬಿದ್ದು

ನಮ್ಮೂರಿನ ನೀರು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೆಲವು ದಿನ ನಮ್ಮ ಕಮ್ಮಾರ ಓಣಿಯ ಬಾವಿಗಳಲ್ಲಿ ಇದ್ದು, ಆಮೇಲೆ ಎದ್ದು ಮೇಲಿನ ಓಣಿಗೆ ಹೋಗುತ್ತಿತ್ತು. ಅಲ್ಲಿ ಬೇಸರವಾದರೆ ಗಾಣಿಗೇರ ಓಣಿಗೆ, ಅಲ್ಲಿಂದ ಪೇಟೆಗೆ, ಮತ್ತೆ ತಿರುಗಿ ನಮ್ಮಲ್ಲಿಗೆ. ಅದು ಇದ್ದ ಓಣಿಯಲ್ಲಿ ಮೊಣಕಾಲೂರಿ ಕೊಡ ಅದ್ದಿದರೆ ತುಂಬುವಷ್ಟು ಬಾವಿಗಳು ಉಕ್ಕಿರುತ್ತಿದ್ದವು. ಉಳಿದ ಓಣಿಗಳ ಬಾವಿಯ ತಳದಲ್ಲಿ ಬೆಕ್ಕು ಮಲಗಬಹುದಾಗಿತ್ತು. ಬೇರೆ ಊರಿನವರು ಇದನ್ನು ಕೇಳಿ ಬಾಯಿ ತೆರೆಯುತ್ತಾರೆ. ನನಗೆ ಅವರ ಊರಿನ ನೀರೇ ವಿಚಿತ್ರ. ಹುಟ್ಟಿದಲ್ಲೇ ಬಿದ್ದುಕೊಂಡಿರುವ ನೀರನ್ನು ಅವರು ಹೇಗೆ ಕುಡಿಯುತ್ತಾರೋ ಏನೋ.

ನೀರು ಬಂದರೆ ಹಿತ್ತಲಲ್ಲಿ ಗುಳುಗುಳು ಸದ್ದಾಗುತ್ತಿತ್ತು. ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ ಬಾವಿಯ ಕಟ್ಟೆಯ ಮೇಲೆ ಒಂದು ಚೂರು ಬೆಲ್ಲ ಇಟ್ಟು, ಹಿತ್ತಲ ಬಾಗಿಲಿನ ಚಿಲಕ ತೆಗೆಯುತ್ತಿದ್ದರು. ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ ಕೊಡುವುದಿಲ್ಲವೇ, ಹಾಗೆಯೇ ಇದು. ನೀರು ಇರುವಷ್ಟು ದಿನ ಆ ಚಿಲಕ ಹಾಕುವಂತಿರಲಿಲ್ಲ. ಕೊಡ ಹಿಡಿದು ಯಾರು ಬಂದರೂ ಇಲ್ಲ ಎನ್ನುವಂತಿರಲಿಲ್ಲ. ನೀರಿನ ಎದುರಿಗೆ ಜಗಳ ಮಾಡುವಂತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಯಾವಾಗ ಹೋಗುತ್ತೀ ಎಂದು ಅದನ್ನು ಕೇಳುವಂತಿರಲಿಲ್ಲ. ಮನೆಗೆ ಬಂದ ಬೀಗರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ನೀರು ನಮ್ಮಲ್ಲಿದ್ದಷ್ಟು ದಿನ ಮನೆಯಲ್ಲಿ ಹಬ್ಬ. ನಮ್ಮ ಹಿತ್ತಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೆಂಗಸರು. ಗಾಣಿಗೇರ ಓಣಿಯವರು ಕೊಡದ ಜೊತೆಗೆ ಸೆರಗಿನ ಅಡಿಯಲ್ಲಿ ಶೇಂಗಾ ಚಟ್ನಿ ತರುತ್ತಿದ್ದರು. ಪೇಟೆಯವರು ಸುದ್ದಿ ತರುತ್ತಿದ್ದರು. ಯಾರ ಮನೆಯ ಸೊಸೆ ಎಷ್ಟು ದಿನ ತವರಿನಲ್ಲಿ ಕುಳಿತಳು, ಯಾರ ಮಗನಿಗೆ ಯಾವ ಹುಡುಗಿಯನ್ನು ನೋಡಿದರು, ಎಲ್ಲವೂ ಬಾವಿಯ ಕಟ್ಟೆಯ ಮೇಲೆ ತೀರ್ಮಾನವಾಗಿ ಆಮೇಲೆ ಗಂಡಸರಿಗೆ ತಿಳಿಯುತ್ತಿತ್ತು. ನೀರು ಎದ್ದು ಹೋದ ಮರುದಿನ ಮನೆ ಮದುವೆ ಮುಗಿದ ಚಪ್ಪರದಂತೆ ಭಣಭಣ ಎನ್ನುತ್ತಿತ್ತು. ಆಗ ನಾವು ಕೊಡ ಎತ್ತಿಕೊಂಡು ಅವರ ಓಣಿಗೆ ಹೊರಡುತ್ತಿದ್ದೆವು.

ನನ್ನ ಹೆಸರು ಬಸಲಿಂಗವ್ವ, ಊರಿಗೆಲ್ಲ ಬಸ್ಸಿ. ಕಬ್ಬಿಣ ಕಡೆಯುವ ಲೇತು ಯಂತ್ರ ಹಿಡಿಯುವವಳು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನನಗೆ ಅಡಿಗೆ ಬರುತ್ತಿರಲಿಲ್ಲ, ಇಬ್ಬರಿಗೂ ಅನುಕೂಲವಾಯಿತು. ಅಪ್ಪ ಮೌನೇಶಪ್ಪ, ದೊಡ್ಡಪ್ಪ ಮಾನಪ್ಪ ಷಡ್ಡಕರು. ನನ್ನ ಅವ್ವ ಮತ್ತು ಅವಳ ಅಕ್ಕನನ್ನು ಮದುವೆಯಾದವರು. ನಮ್ಮ ಓಣಿಯೂ ದೊಡ್ಡಪ್ಪನವರ ಮೇಲಿನ ಓಣಿಯೂ ಕೂಡುವ ತಿರುವಿನಲ್ಲಿ ಇಬ್ಬರಿಗೂ ಸೇರಿ ಒಂದು ಕಾರ್ಖಾನೆ ಇತ್ತು. ಪಂಪಿನ ಶಾಫ್ಟು, ಗಿರಣಿಯ ಹಲ್ಲುಚಕ್ರ, ಬಂಡಿಯ ಅಚ್ಚು, ತಂದದ್ದನ್ನೆಲ್ಲ ಕಡೆದು ಕೊಡುತ್ತಿದ್ದೆವು.

ಲೇತಿನಿಂದ ಇಳಿಸಿದ ಸಾಮಾನು ಎಣ್ಣೆ ಜಿಡ್ಡಾಗಿರುತ್ತದೆ. ಅದನ್ನು ತೊಳೆಯಲು ಡ್ರಮ್ಮಿನಲ್ಲಿ ಒಂದು ಮದ್ದು ಬರುತ್ತಿತ್ತು. ಅದ್ದಿ ತೆಗೆದರೆ ಸಾಕು, ಒರೆಸುವ ಕೆಲಸವಿಲ್ಲ, ಅಲ್ಲೇ ಒಣಗಿ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ವಾಸನೆ ಸಿಹಿ. ಹೊಲಸಾದ ಮೇಲೆ ಅದನ್ನು ಕಾರ್ಖಾನೆಯ ಹಿಂದಿನ ಹಾಳುಬಾವಿಗೆ ಸುರಿಯುತ್ತಿದ್ದರು. ಲೇತಿನ ಬಾಯಿಗೆ ಬಿಡುವ ಹಾಲಿನಂಥ ಎಣ್ಣೆನೀರೂ ಕೆಟ್ಟಾಗ ಅಲ್ಲಿಗೇ. ನಮ್ಮ ನೀರು ಎಂದೂ ಆ ಬಾವಿಗೆ ಬಂದಿರಲಿಲ್ಲ, ಹಾಗಾಗಿ ಅದಕ್ಕೆ ತೊಂದರೆಯಿಲ್ಲ ಎಂದು ಎಲ್ಲರ ಲೆಕ್ಕ. ಅದು ಬಾರದಿದ್ದರೂ ಪಕ್ಕದಲ್ಲೇ ಹಾದು ಹೋಗುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಒಂದು ಬೇಸಿಗೆಯಲ್ಲಿ ನೀರಿಗೆ ಸಿಹಿ ವಾಸನೆ ಬಂತು. ಊರು ಹಿಗ್ಗಿತು! "ಗಂಗವ್ವ ಅತ್ತರ ಹಚ್ಚಿಕೊಂಡು ಬಂದಾಳ" ಎಂದು ಹೆಂಗಸರು ಮುಸಿಮುಸಿ ನಕ್ಕರು. ಪೇಟೆಯ ಒಂದು ಮದುವೆಯಲ್ಲಿ ಗಂಡಿನ ಕಡೆಯವರು ನಮ್ಮ ನೀರನ್ನು ಹೊಗಳಿ ಇನ್ನೊಂದು ತಂಬಿಗೆ ಕೇಳಿ ಕುಡಿದರು. ಆಮೇಲೆ ಒಬ್ಬೊಬ್ಬರಿಗೆ ತಲೆನೋವು, ಓಕರಿಕೆ. ದೊಡ್ಡವ್ವನಿಗಂತೂ ಕುಳಿತಲ್ಲೇ ತಲೆ ತಿರುಗುತ್ತಿತ್ತು. ಅತ್ತರಲ್ಲ, ಡ್ರಮ್ಮಿನ ಮದ್ದು ಎಂದು ಮೂಗಿದ್ದವರಿಗೆ ಗೊತ್ತಾಯಿತು.

ಆಗ ಅಪ್ಪ, ಸುರಿದವನು ಮಾನಪ್ಪ ಎಂದ. ದೊಡ್ಡಪ್ಪ, ಸುರಿದವನು ಮೌನೇಶ ಎಂದ. ಇಡೀ ಕಾರ್ಖಾನೆಯೇ ಸುರಿದಿತ್ತು, ಆದರೆ ಗಂಡಸರಿಗೆ ಒಂದು ಹೆಸರು ಬೇಕಲ್ಲ. ಮಾತಿಗೆ ಮಾತು ಬೆಳೆದು ಕಾರ್ಖಾನೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆ ಕಡೆ ದೊಡ್ಡಪ್ಪನ ಲೇತು, ಈ ಕಡೆ ನಮ್ಮದು. ಗಂಡಂದಿರ ಪರವಾಗಿ ಅಕ್ಕತಂಗಿಯರೂ ಮಾತು ಬಿಟ್ಟರು. ಅದೇನು ಹಟವೋ, ಗಂಡಸರಿಗಿಂತ ಒಂದು ಕೈ ಮೇಲೆ.

ಆದರೆ ನೀರು ಇತ್ತಲ್ಲ. ನಮ್ಮಲ್ಲಿಗೆ ಬಂದಾಗ ದೊಡ್ಡವ್ವ ಕೊಡ ಹಿಡಿದು ನಮ್ಮ ಹಿತ್ತಲಿಗೆ ಬರಲೇಬೇಕು, ಅವರಲ್ಲಿಗೆ ಹೋದಾಗ ಅವ್ವ ಅವರ ಹಿತ್ತಲಿಗೆ ಹೋಗಲೇಬೇಕು. ಬೇರೆ ಮನೆಯ ಬಾವಿಗೂ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಬಂದು ಎದುರುಬದುರು ನಿಂತು ನನ್ನ ಮೂಲಕ ಮಾತಾಡುತ್ತಿದ್ದರು.

"ಬಸ್ಸಿ, ಅವರ ಕೊಡಾ ತಳಕ್ಕ ಸೋರತೈತಿ, ಬೆಸಿಗಿ ಹಾಕಿಸ್ರಿ ಅಂತ ಹೇಳು," ಎಂದು ಅವ್ವ.

"ನಮ್ಮ ಕೊಡದ ಚಿಂತಿ ಬ್ಯಾಡ ಅನ್ನಬೇ ನಿಮ್ಮವ್ವಗ. ಆಕೀ ಹಿಮ್ಮಡಾ ನೋಡು ಹೆಂಗ ಒಡದಾವು. ಎಣ್ಣಿ ಹಚ್ಕೋ ಅನ್ನು," ಎಂದು ದೊಡ್ಡವ್ವ.

ಇಬ್ಬರ ನಡುವೆ ಒಂದು ಮಾರು ಅಂತರ. ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ, ಆದರೆ ಅಲ್ಲಿ ನಿಂತಿರಬೇಕಿತ್ತು. ನಾನಿಲ್ಲದ ದಿನ ಅದೇ ಮಾತನ್ನು ಎಮ್ಮೆಯ ಕರುವಿಗೆ ಹೇಳುತ್ತಿದ್ದರಂತೆ. ಸಂಜೆಗೆ ಅವ್ವ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮುಂದಿನ ಸಲ ದೊಡ್ಡವ್ವನ ಕೊಡಕ್ಕೆ ಬೆಸುಗೆ ಬಿದ್ದಿರುತ್ತಿತ್ತು.

ಹೀಗಿರುವಾಗ ಪ್ರಫುಲ್ಲಾ ಮೇಡಂ ಬಂದರು. ಯಾವುದೋ ದೊಡ್ಡ ಊರಿನ ಕಾಲೇಜಿನಲ್ಲಿ ಕೆಟ್ಟ ಅಂತರ್ಜಲವನ್ನು ಸರಿ ಮಾಡುವ ಬಗೆ ಓದಿದವರು. ಕುಳ್ಳಗೆ, ಚೂಪು ಮೂಗು, ನಡಿಗೆಯಲ್ಲಿ ಯಾವಾಗಲೂ ಅವಸರ. ಬಂದ ದಿನವೇ ನಮ್ಮ ಬಾವಿಗೆ ಕೊಳವೆಗಳನ್ನು ಇಳಿಬಿಟ್ಟು, ಶೀಸೆಗಳನ್ನು ಸಾಲಾಗಿ ಜೋಡಿಸಿ, ನಾಳೆ ಬರುತ್ತೇನೆ ಎಂದು ಹೋದರು. ನಾಳೆ ಬಂದರೆ ಬಾವಿ ಬತ್ತಿತ್ತು. ಕೊಳವೆಗಳು ಕುತ್ತಿಗೆ ಮುರಿದ ಕೋಳಿಗಳ ಹಾಗೆ ಜೋತಾಡುತ್ತಿದ್ದವು.

"ನೀರು ಎಲ್ಲಿಗೆ ಹೋಯಿತು?" ಎಂದು ಮೇಡಂ ಕೇಳಿದರು.

"ಮ್ಯಾಲಿನ ಓಣಿಗಿ ಹೋಗ್ಯಾಳ್ರೀ," ಎಂದಳು ಅವ್ವ. "ನೀವು ಬಂದವ್ರು ಸೀದಾ ಕೊಳವಿ ಚುಚ್ಚಿದ್ರಿ. ಒಂದ್ ಮಾತಿಲ್ಲ ಕತಿ ಇಲ್ಲ. ಬ್ಯಾಸರಾಗಿರಬೇಕು."

ಬೇರೆ ಯಾರಾದರೂ ಆಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರು. ಮೇಡಂ ಕೊಳವೆ ಸುತ್ತಿಕೊಂಡು ಮೇಲಿನ ಓಣಿಗೆ ಓಡಿದರು. ವಾರ ಕಳೆಯುವಷ್ಟರಲ್ಲಿ ಅವರ ಚೀಲದಲ್ಲಿ ಶೀಸೆಗಳ ಜೊತೆ ಬೆಲ್ಲದ ಪೊಟ್ಟಣ ಕಾಣಿಸಿತು. ಬಾವಿಗೆ ಮೊದಲು ಬೆಲ್ಲ ತೋರಿಸಿ ಆಮೇಲೆ ಕೊಳವೆ ಬಿಡುವುದನ್ನು ಕಲಿತರು. ಅಂದಿನಿಂದ ಅವರು ನಮ್ಮವರು.

ಅಪ್ಪನೂ ದೊಡ್ಡಪ್ಪನೂ ಬೇರೆ ಬೇರೆ ಹೊತ್ತಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು: ನೀರಿನಲ್ಲಿ ಇರುವುದು ಯಾರ ಡ್ರಮ್ಮಿನದು?

"ನಾನು ನೀರಿಗೆ ಚಿಕಿತ್ಸೆ ಮಾಡೋಳು, ಪೊಲೀಸಲ್ಲ," ಎಂದು ಮೇಡಂ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು. "ಅದು ನೀರಿಗಿಂತ ಭಾರ. ಕೆಳಗೆ ಹೋಗಿ ಕೂತುಬಿಟ್ಟಿದೆ. ನೀರು ಆ ಕಡೆ ಹಾದಾಗಲೆಲ್ಲ ಸ್ವಲ್ಪ ಸ್ವಲ್ಪ ಸೆರಗಿಗೆ ಅಂಟಿಸಿಕೊಂಡು ಬರುತ್ತೆ. ಅದಕ್ಕೊಂದು ಉಪಾಯ ಮಾಡೋವರೆಗೆ ಕುಡಿಯೋ ನೀರನ್ನ ಬಯಲಲ್ಲಿ ಎತ್ತಿ ಎತ್ತಿ ಸುರಿಯಿರಿ, ವಾಸನೆ ಗಾಳಿಗೆ ಹೋಗಲಿ."

ಊರಿನ ಅಂಗಳಗಳಲ್ಲೆಲ್ಲ ಹೆಂಗಸರು ಚಹಾ ಅಂಗಡಿಯವರ ಹಾಗೆ ಕೊಡದಿಂದ ಕೊಡಕ್ಕೆ ನೀರು ಎತ್ತಿ ಸುರಿಯತೊಡಗಿದರು. ಮೇಡಂ ಕಾರ್ಖಾನೆಗೆ ಬಂದು ನನ್ನ ಲೇತಿನ ಕೆಳಗೆ ಕಡೆಯುವಾಗ ಉದುರಿ ಬಿದ್ದಿದ್ದ ಕಬ್ಬಿಣದ ಹೊಟ್ಟನ್ನು, ಅಂಗಡಿಯಲ್ಲಿ ಅಕ್ಕಿ ನೋಡುವವರ ಹಾಗೆ, ಬೊಗಸೆಯಲ್ಲಿ ಹಿಡಿದು ನೋಡಿದರು. ನೀರು ಓಣಿಯಿಂದ ಓಣಿಗೆ ಹೋಗುವ ದಾರಿಯಲ್ಲಿ, ಆ ತಿರುವಿನಲ್ಲೇ, ಆಳವಾದ ಕಂದಕ ತೋಡಿ ಇದನ್ನು ತುಂಬಬೇಕು ಎಂದರು. ಕಬ್ಬಿಣ ನಿಧಾನವಾಗಿ ತುಕ್ಕು ಹಿಡಿಯುತ್ತ ಹೋಗುತ್ತದೆ, ಆಗ ಅದರ ಮೂಲಕ ಹಾಯುವ ನೀರಿನಲ್ಲಿರುವ ಮದ್ದಿನ ಕೈಕಾಲು ಮುರಿದು ಬೀಳುತ್ತದೆ. ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಯಾಕೆಂದರೆ ನಿಮ್ಮ ನೀರು ತಾನಾಗಿ ಓಡಾಡುತ್ತದೆ ಎಂದರು. ಒಂದೇ ಷರತ್ತು, ಹೊಟ್ಟಿನಲ್ಲಿ ಎಣ್ಣೆ ಇರಬಾರದು.

ಎಷ್ಟು ವರ್ಷದ ಹೊಟ್ಟು ರಾಶಿ ಬಿದ್ದಿತ್ತು! ಓಣಿಯ ಹೆಂಗಸರೆಲ್ಲ ಸೇರಿ ಅಂಟುವಾಳದ ನೊರೆಯಲ್ಲಿ ಕಬ್ಬಿಣವನ್ನು ಅಕ್ಕಿಯ ಹಾಗೆ ತೊಳೆದರು. ಕೆಲವರು ಅಭ್ಯಾಸಬಲದಿಂದ ಕಲ್ಲು ಆರಿಸಿದ್ದೂ ಉಂಟು. ಅಪ್ಪ ಕಂದಕದ ಒಂದು ದಡದಲ್ಲಿ, ದೊಡ್ಡಪ್ಪ ಇನ್ನೊಂದು ದಡದಲ್ಲಿ ನಿಂತು, ಒಬ್ಬರನ್ನೊಬ್ಬರು ನೋಡದೆ ಬುಟ್ಟಿ ಬುಟ್ಟಿ ಸುರಿದರು.

ಅಂಟುವಾಳ ಕಾರ್ಖಾನೆಗೂ ಬಂತು. ಡ್ರಮ್ಮಿನ ಮದ್ದು ಬಿಟ್ಟು, ಬಿಸಿ ಮಾಡಿದ ಅಂಟುವಾಳದ ನೀರಿನಲ್ಲಿ ಸಾಮಾನು ತೊಳೆಯುವುದನ್ನು ಮೇಡಂ ಕಲಿಸಿದರು. ಲೇತಿಗೆ ಹಳೆಯ ಹಾಲಿನಂಥ ಎಣ್ಣೆನೀರಿನ ಬದಲು ಹೊಂಗೆ ಎಣ್ಣೆಯಿಂದ ತಾವೇ ಕುದಿಸಿ ಕೂಡಿಸಿದ ಒಂದು ಹೊಸ ಎಣ್ಣೆನೀರು. ಎಷ್ಟೋ ಸಲ ಕೂಡಿಸಿ, ಎಷ್ಟೋ ಸಲ ಕೆಡಿಸಿ, ಕೊನೆಗೆ ಸರಿಯಾದ ಹದ ಸಿಕ್ಕಿತು. ಅಪ್ಪ ಮೂಗು ಮುಚ್ಚಿಕೊಂಡು, "ಇದೇನವಾ, ಲೇತಿನ ಮುಂದ ನಿಂತ್ರ ಹಳೇ ಗುಡಿ ದೀಪದ ವಾಸನಿ. ಕೈ ಮುಗೀಲೋ, ಕೆಲಸಾ ಮಾಡ್ಲೋ?" ಎಂದ. ಹೊಸದು ಎರಡು ದಿನ ಕಲಕದೆ ಬಿಟ್ಟರೆ ಹುಳಿ ನಾತ ಬೇರೆ. ಆದರೆ ಹತ್ತು ವರ್ಷದಿಂದ ಬಿರಿದು ರಕ್ತ ಜಿನುಗುತ್ತಿದ್ದ ನನ್ನ ಬೆರಳುಗಳು ಮಳೆಗಾಲ ಮುಗಿಯುವಷ್ಟರಲ್ಲಿ ಮಾಯ್ದವು. ಅಪ್ಪನಿಗೆ ನಾನು ಕೈ ಚಾಚಿ ತೋರಿಸಿದೆ. ಅವನು ತನ್ನ ಕೈ ನೋಡಿಕೊಂಡು, ಹೊಸ ಎಣ್ಣೆನೀರನ್ನು ತಾನೇ ಕಲಕಿ ಲೇತಿಗೆ ಬಿಟ್ಟ.

ನೀರು ಕಬ್ಬಿಣದ ಕಂದಕವನ್ನು ದಾಟಿ ಹೋಗಿ ಬರತೊಡಗಿತು. ಪ್ರತಿ ಸಲಕ್ಕೂ ಸಿಹಿ ವಾಸನೆ ಕಡಿಮೆ. ದೊಡ್ಡವ್ವ ನಮ್ಮ ಹಿತ್ತಲಿಗೆ ಬರುವಾಗ ತಲೆ ತಿರುಗಿ ಗೋಡೆ ಹಿಡಿಯುವುದನ್ನು ಬಿಟ್ಟಳು. ಆದರೆ ಎಂದೂ ಆಗದ ಒಂದು ಸಂಗತಿ ನಡೆಯಿತು. ಕಬ್ಬಿಣ ದಾಟಿದ ನೀರಿಗೆ ಮೊದಲಿನ ಅವಸರ ಉಳಿಯಲಿಲ್ಲ. ಎದ್ದು ಹೋಗುವಾಗ ಬಾವಿಯ ತಳದಲ್ಲಿ ಒಂದಿಷ್ಟು ಹಿಂದೆ ಉಳಿಯತೊಡಗಿತು. ಮೊದಲು ತಂಬಿಗೆಯಷ್ಟು, ಆಮೇಲೆ ಕೊಡದಷ್ಟು. ಹೆಂಗಸರಿಗೆ ಖುಷಿಯೋ ಖುಷಿ, ಇನ್ನು ಸೊಂಟ ಮುರಿದುಕೊಂಡು ಊರೆಲ್ಲ ಅಲೆಯುವುದು ತಪ್ಪಿತು ಎಂದು. ಅವ್ವ ಮಾತ್ರ ಬಾವಿಗೆ ಬಗ್ಗಿ ಆ ಉಳಿದ ನೀರನ್ನು ಬಹಳ ಹೊತ್ತು ನೋಡಿದಳು.

ಹೋಗಿ ಬರುವ ನೀರನ್ನು ಕಂದಕ ತೊಳೆಯುತ್ತದೆ, ತಳದಲ್ಲಿ ಕುಳಿತಿರುವ ಮದ್ದಿಗೆ ಇನ್ನೊಂದು ಉಪಾಯ ಬೇಕು ಎಂದು ಮೇಡಂ ಒಂದು ದಿನ ಎಲ್ಲರನ್ನೂ ಕೂಡಿಸಿ ಹೇಳಿದರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಅವಕ್ಕೆ ಊಟ ಹಾಕಿದರೆ ಅವೇ ಮದ್ದನ್ನು ಮುರಿದು ಹಾಕುತ್ತವೆ. ಊಟ ಎಂದರೆ ಬೆಲ್ಲದ ನೀರು. ನೀರು ಯಾರ ಓಣಿಯಲ್ಲಿದೆಯೋ ಅವರು ದಿನಕ್ಕೆ ಒಂದು ಲೋಟ, ತೆಳ್ಳಗೆ ಕಲಸಿ, ಬಾವಿಗೆ ಬಿಡಬೇಕು. "ಒಂದೇ ಲೋಟ. ಹೆಚ್ಚಾದರೆ ಅಜೀರ್ಣ," ಎಂದು ಬೆರಳೆತ್ತಿ ಹೇಳಿದರು.

ನಮ್ಮ ಊರಿನಲ್ಲಿ ಅತಿಥಿಗೆ ಒಂದೇ ಲೋಟ ಎಂದು ಹೇಳಿದರೆ ಕೇಳುವವರು ಯಾರು? ಮನೆ ಮನೆಯವರೂ ಒಂದು ಲೋಟಕ್ಕೆ ಎರಡು ಹಾಕಿದರು, ಪಕ್ಕದವರು ಹಾಕಿದ್ದು ಎರಡೆಂದು ತಿಳಿದು ಮೂರು ಹಾಕಿದರು. ಆದರೂ ನೀರು ತಿರುಗಾಡುತ್ತಿತ್ತು. ಆಮೇಲೆ ಅದು ನಮ್ಮ ಓಣಿಗೆ ಬಂತು, ಬಂದದ್ದು ಕುಳಿತೇಬಿಟ್ಟಿತು. ಹಬ್ಬ ಬಂತು, ಹೋಯಿತು. ನೀರು ಏಳುವ ಲಕ್ಷಣವಿಲ್ಲ. ಉಳಿದ ಓಣಿಗಳಲ್ಲಿ ಉಳಿದಿದ್ದ ತಳದ ನೀರೂ ಸದ್ದಿಲ್ಲದೆ ಹಿಂದಕ್ಕೆ ಸರಿದು ನಮ್ಮಲ್ಲಿಗೆ ಬಂದು ಸೇರಿತು. ಬಾವಿಗಳು ಉಕ್ಕಿದವು, ಮತ್ತು ಕಪ್ಪಾದವು. ಕೊಳೆತ ಮೊಟ್ಟೆಯ ನಾತ. ಅರಿವೆಯಲ್ಲಿ ಸೋಸಿ, ಎತ್ತಿ ಎತ್ತಿ ಸುರಿದು, ಮೂಗು ಹಿಡಿದು ಕುಡಿಯುವ ಗತಿ ಬಂತು.

"ಇದು ಕಬ್ಬಿಣ ದಾಟದೆ ಶುದ್ಧ ಆಗಲ್ಲ. ಹೋಗಬೇಕು. ಯಾರಾದರೂ ಹೋಗು ಅಂತ ಹೇಳಬಾರದಾ?" ಎಂದು ಮೇಡಂ ತಲೆ ಚಚ್ಚಿಕೊಂಡರು. ಓಣಿಯ ಹಿರಿಯರು ಕಿವಿ ಮುಚ್ಚಿಕೊಂಡರು. ಅತಿಥಿಗೆ ಹೋಗು ಎಂದವರ ಮನೆಗೆ ಅದು ಮತ್ತೆ ಬಂದೀತೆ?

ಇಷ್ಟೆಲ್ಲ ನಾತದ ನಡುವೆ ಅವ್ವ ಮಾತ್ರ ಖುಷಿಯಾಗಿದ್ದಳು. ದೊಡ್ಡವ್ವ ಪ್ರತಿದಿನ ಬರುತ್ತಿದ್ದಳಲ್ಲ. ಅವಳು ಕೂರುವ ಕಲ್ಲಿನ ಮೇಲೆ ಅವ್ವ ಚಾಪೆ ಹಾಸಿದಳು, ಅಲ್ಲಿಗೆ ನೆರಳು ಬೀಳಲೆಂದು ಚಪ್ಪರ ಕಟ್ಟಿಸಿದಳು. ಕೊಡ ಎತ್ತಿ ಅಕ್ಕನ ಸೊಂಟಕ್ಕೆ ಇಡುವಷ್ಟು ಹತ್ತಿರ ಬಂದಿದ್ದರು, ಮಾತು ಮಾತ್ರ ಇನ್ನೂ ನನ್ನ ಮೂಲಕವೇ. ಅವ್ವ ಒಬ್ಬಳೇ ಇದ್ದಾಗ ಗುನುಗುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅವಳು ಗುನುಗಿದ್ದನ್ನು ಕೇಳಿರಲಿಲ್ಲ.

ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಬೇಗ ಮನೆಗೆ ಬಂದೆ. ಅವ್ವ ಬಾವಿಯ ಕಟ್ಟೆಯ ಮೇಲೆ ಬಗ್ಗಿ ದೊಡ್ಡ ಪಾತೇಲಿಯಿಂದ ಏನೋ ಸುರಿಯುತ್ತಿದ್ದಳು. ಗಟ್ಟಿ ಪಾಕ, ಎಳೆ ಎಳೆಯಾಗಿ ಇಳಿಯುತ್ತಿತ್ತು.

"ಅವ್ವಾ, ಇದೇನಬೇ?"

"ಪಾನಕ," ಎಂದಳು, ತಿರುಗಿ ನೋಡದೆ.

"ಯಾರಿಗಿ?"

"ಮನಿಗಿ ಬಂದಾಕಿಗಿ."

"ಮೇಡಂ ಒಂದ ಲೋಟ ಅಂದಿದ್ರು. ಇದೇನು, ಮದವಿ ಮನಿ ಪಾತೇಲಿ! ಅದಕ್ಕ ಆಕಿ ಏಳವಲ್ಲಳು."

"ಏಳಬಾರದಂತನ ಹಾಕೇನಿ." ಅವ್ವ ಪಾತೇಲಿ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ನೀ ನೋಡಿಲ್ಲೇನು? ಕಬ್ಬಿಣಾ ದಾಟಿದಾಗೊಮ್ಮೆ ಒಂದೀಟ ಒಂದೀಟ ಎಲ್ಲಾ ಕಡೆ ಉಳದುಬಿಡತಾಳ. ಇನ್ನ ನಾಕ ಸಲ ಹೋಗಿ ಬಂದ್ಲಂದ್ರ ಎಲ್ಲಾರ ಬಾವ್ಯಾಗೂ ನೀರು. ಆಮ್ಯಾಲ ಅಕ್ಕ ಯಾಕ ಬರತಾಳ ಇಲ್ಲಿ? ಆಕಿಗಿ ಯಾವ ನೆವಾ ಐತಿ?"

"ನೆವಾ ಯಾಕ ಬೇಕಬೇ? ಬಾ ಅಂತ ಕರಿ."

"ನಾ ಕರ್ಯಾಂಗಿಲ್ಲ. ಆಕಿ ಬರಾಂಗಿಲ್ಲ. ನಮ್ಮಿಬ್ಬರ ಗುಣಾ ಗೊತ್ತಿಲ್ಲೇನು ನಿನಗ?"

ನನ್ನ ನಾಲಿಗೆ ಚೂಪು, ಅದು ಊರಿಗೇ ಗೊತ್ತು. ಅಂದು ಅದನ್ನು ತಡೆಯಬೇಕಾಗಿತ್ತೋ ಬೇಡವೋ ಎಂದು ಈಗಲೂ ನನಗೆ ತಿಳಿಯದು. "ನಿನ್ನಿ ದೊಡ್ಡವ್ವ ತಿರುವಿನ್ಯಾಗ ಕೊಡಾ ಇಳಿಸಿ ಗ್ವಾಡಿ ಹಿಡಕೊಂಡು ನಿಂತಿದ್ಲು," ಎಂದೆ. "ಮತ್ತ ತಲಿ ತಿರುಗಾಕ ಹತ್ತೈತಿ ಆಕಿಗಿ. ನೀ ಆಕೀನ ದಿನಾ ಕರಸ್ಕೊಳ್ಳೂದು ಈ ಕರೀ ನೀರ ಕುಡಸಾಕ."

ಅವ್ವ ಕಟ್ಟೆಯ ಮೇಲೆ ಕುಳಿತಳು. ಅಳಲಿಲ್ಲ. ಪಾತೇಲಿಯ ಅಂಚಿಗೆ ಹತ್ತಿದ ಪಾಕವನ್ನು ಬೆರಳಿನಿಂದ ಬಳಿದು ಬಳಿದು ತೆಗೆಯುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಮರುಕವಿತ್ತು. ಊಟ ಮಾಡದೆ ಕಾರ್ಖಾನೆಗೆ ವಾಪಸ್ಸು ಹೋದೆ.

ಅಂದು ಮಂಗಳವಾರ. ಮಂಗಳವಾರ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಬುಧವಾರ ಬೆಳಗ್ಗೆ ಅವ್ವ ತಲೆಗೆ ಎರೆ‌ದುಕೊಂಡು, ಇಳಕಲ್ ಸೀರೆ ಉಟ್ಟು, ಮೊರದ ತುಂಬ ಸಾಮಾನು ಜೋಡಿಸಿಕೊಂಡು ಹಿತ್ತಲಿಗೆ ಬಂದಳು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆಬೆಟ್ಟ, ಎಲೆ, ಅರಿಷಿಣದ ಕೊಂಬು, ಹಸಿರು ಕುಬಸದ ಖಣ. ನನಗೆ ಆಗ ತಿಳಿಯಿತು. ಬಂದವಳಿಗೆ ಹೋಗು ಎನ್ನುವಂತಿಲ್ಲ, ಆದರೆ ಉಡಿ ತುಂಬಬಹುದಲ್ಲ! ಎಷ್ಟು ದಿನ ಇದ್ದ ಹೆಣ್ಣುಮಗಳಾದರೂ ಉಡಿ ತುಂಬಿದ ಮೇಲೆ ಹೊಸ್ತಿಲು ದಾಟಲೇಬೇಕು. ಇಷ್ಟು ತಲೆಮಾರುಗಳಲ್ಲಿ ನೀರಿಗೆ ಯಾರೂ ಹಾಗೆ ಮಾಡಿರಲಿಲ್ಲ, ಯಾಕೆಂದರೆ ಅದು ಹೋಗಲಿ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅವ್ವನಿಗೂ ಅನ್ನಿಸಿರಲಿಲ್ಲ.

ಅವಳು ಕಟ್ಟೆಗೆ ಅರಿಷಿಣ ಹಚ್ಚುತ್ತಿರುವಾಗ ದೊಡ್ಡವ್ವ ಕೊಡ ಹಿಡಿದು ಬಂದಳು. ಮೊರದತ್ತ ನೋಡಿದಳು, ಕಪ್ಪು ನೀರನ್ನು ನೋಡಿದಳು, ತಂಗಿಯ ಮುಖ ನೋಡಿದಳು. ಅವ್ವ ಖಣ ಬಿಡಿಸಿ ಅಕ್ಕಿ ಸುರಿಯತೊಡಗಿದಳು. ದೊಡ್ಡವ್ವ ಕೊಡ ಕೆಳಗಿಟ್ಟು ಬಂದು, ಖಣದ ಒಂದು ಅಂಚು ತಾನು ಹಿಡಿದಳು. ಇಬ್ಬರೂ ಸೇರಿ ಗಂಟು ಕಟ್ಟಿ ಬಾವಿಗೆ ಇಳಿಬಿಟ್ಟರು. "ಹೋಗಿ ಬಾರವಾ," ಎಂದಳು ಅವ್ವ ನೀರಿಗೆ. ದೊಡ್ಡವ್ವ ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಸಂಜೆಯೊಳಗೆ ನೀರು ಎದ್ದು ಹೋಯಿತು. ಕಂದಕ ದಾಟುವಾಗ ಕಾರ್ಖಾನೆಯ ನೆಲ ಸಣ್ಣಗೆ ಅದುರಿತು. ಆಮೇಲೆ ಕೆಲವು ಸಲ ಓಣಿಯಿಂದ ಓಣಿಗೆ ಹೋಯಿತು, ಬಂದಿತು. ಕಪ್ಪು ಹೋಯಿತು, ನಾತ ಹೋಯಿತು, ಸಿಹಿಯೂ ಹೋಯಿತು. ಅವ್ವ ಹೇಳಿದಂತೆಯೇ ಆಯಿತು. ನೀರು ಎಲ್ಲರ ಬಾವಿಗಳಲ್ಲೂ ಹಂಚಿಕೊಂಡು ನಿಂತುಬಿಟ್ಟಿತು. ದೊಡ್ಡವ್ವ ಗಟ್ಟಿಮುಟ್ಟಾದಳು ಎಂದು ಸುದ್ದಿ ಬಂತು. ಪ್ರಫುಲ್ಲಾ ಮೇಡಂ ಶೀಸೆ ಎತ್ತಿ ಬೆಳಕಿಗೆ ಹಿಡಿದು, ಸಣ್ಣ ಹುಡುಗಿಯ ಹಾಗೆ ಕುಣಿದರು. ಅವರು ಊರು ಬಿಡುವ ದಿನ ಹೆಂಗಸರು ಅವರಿಗೂ ಉಡಿ ತುಂಬಿ ಕಳಿಸಿದರು. ಅಂಥವರು ಮತ್ತೆ ನಮ್ಮೂರಿಗೆ ಬರಲಿಲ್ಲ.

ಹಿತ್ತಲ ಬಾಗಿಲುಗಳಿಗೆ ಚಿಲಕ ಬಿತ್ತು. ತಪ್ಪು ಯಾರದೂ ಅಲ್ಲ. ಅವರವರ ಮನೆಯಲ್ಲಿ ಶುದ್ಧವಾದ ನೀರಿರುವಾಗ ಇನ್ನೊಬ್ಬರ ಹಿತ್ತಲಿಗೆ ಯಾರು ಬರುತ್ತಾರೆ? ಶೇಂಗಾ ಚಟ್ನಿ ಬರುವುದು ನಿಂತಿತು. ಮದುವೆಯ ಮಾತುಗಳನ್ನು ಗಂಡಸರು ತೀರ್ಮಾನಿಸತೊಡಗಿದರು, ಅವುಗಳ ಗತಿ ಏನಾಯಿತೆಂದು ಕೇಳಬೇಡಿ. ಅವ್ವ ಮಾತ್ರ ಚಿಲಕ ಹಾಕಲಿಲ್ಲ. ಚಾಪೆ ಹಾಸಿದ ಆ ಕಲ್ಲನ್ನು ದಿನಾ ಗುಡಿಸುತ್ತಿದ್ದಳು. ದೊಡ್ಡವ್ವ ಬರಲಿಲ್ಲ, ಅವ್ವ ಹೋಗಲಿಲ್ಲ.

ಹಂಚಿಹೋದ ನೀರು ಈಗ ಬಾವಿಗಳಲ್ಲಿ ಆಳದಲ್ಲಿತ್ತು. ಬಗ್ಗಿ ಕೊಡ ಅದ್ದುವುದಾಗುತ್ತಿರಲಿಲ್ಲ. ಪ್ರತಿ ಮನೆಗೂ ರಾಟೆ ಬೇಕಾಯಿತು. ಊರಿನ ರಾಟೆಗಳನ್ನೆಲ್ಲ ನಾನೇ ಕಡೆದೆ, ಹೊಂಗೆ ಎಣ್ಣೆಯ ವಾಸನೆಯಲ್ಲಿ. ನಮ್ಮ ಬಾವಿಗೆ ಹಾಕಿದ್ದು ಎಲ್ಲಕ್ಕಿಂತ ನಯವಾಗಿ ತಿರುಗುವ ರಾಟೆ. ಅದನ್ನು ಹಾಕಿ ಬಹಳ ದಿನವಾಗಿರಲಿಲ್ಲ, ಒಂದು ಬೆಳಗ್ಗೆ ಅವ್ವ ಅದನ್ನು ಬಿಚ್ಚಿಕೊಂಡು ಕಾರ್ಖಾನೆಗೆ ತಂದಳು.

"ರಾಟಿ ಕೆಟ್ಟೈತಿ. ಕಿರ್ರ ಅಂತೈತಿ."

ನಾನು ತಿರುಗಿಸಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು. ಅವ್ವ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ಬೆಂಚಿನ ಮೇಲೆ ಇಟ್ಟಳು. "ನಿನಗ ಕೇಳಸೂದಿಲ್ಲ. ಸಾವಕಾಶ ಮಾಡು. ಲಗೂ ಮಾಡಬ್ಯಾಡ," ಎಂದು ಹೋದಳು.

ಮಧ್ಯಾಹ್ನ ಬಾಗಿಲಿನಲ್ಲಿ ದೊಡ್ಡವ್ವ ನಿಂತಿದ್ದಳು. ಗೋಡೆ ಎದ್ದ ಮೇಲೆ ಕಾರ್ಖಾನೆಯ ನಮ್ಮ ಕಡೆಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ಸೆರಗಿನಲ್ಲಿ ಸುತ್ತಿ ತಂದ ಅವಳ ಮನೆಯ ರಾಟೆಯನ್ನು ನನ್ನ ಮುಂದಿಟ್ಟಳು.

"ಇದು ಯಾಕೋ ಗಟ್ಟಿ ಹಿಡದೈತಿ, ಬಸ್ಸಿ."

"ದೊಡ್ಡಪ್ಪನ ಲೇತ ಅಲ್ಲೇ ಐತೆಲ್ಲ ದೊಡ್ಡವ್ವ?"

"ಅವರಿಗಿ ಹೇಳಬ್ಯಾಡವಾ. ಇವತ್ತ ಸರಿ ಮಾಡಿ ಕೊಟ್ಟುಬಿಡತಾರ."

ಅದನ್ನೂ ತಿರುಗಿಸಿ ನೋಡಿದೆ. ಅದಕ್ಕೂ ಏನೂ ಆಗಿರಲಿಲ್ಲ. ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟೆ. ಅಪ್ಪನ ಕಣ್ಣಿಗೆ ಬೀಳದಂತೆ ಮೇಲೊಂದು ಅರಿವೆ ಮುಚ್ಚಿದೆ. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರೂ ನಿಲ್ಲುತ್ತಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಕಾರ್ಖಾನೆಯ ಬಾಗಿಲು ತೆಗೆಯುತ್ತಿದ್ದೆ. ನಮ್ಮ ಓಣಿಯಿಂದ ಅವ್ವ, ಮೇಲಿನ ಓಣಿಯಿಂದ ದೊಡ್ಡವ್ವ, ಇಬ್ಬರೂ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ತಿರುವಿನಲ್ಲಿ ಎದುರಾದರು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ.

"ಎಲ್ಲಿಗಿ ಹೊಂಟೀಯೇ?" ಕೊನೆಗೆ ದೊಡ್ಡವ್ವನೇ ಕೇಳಿದಳು.

"ನಿಮ್ಮ ಮನಿಗಿ ಬೇ ಅಕ್ಕಾ, ನೀರಿಗಿ. ನಮ್ಮ ರಾಟಿ ಕೆಟ್ಟೈತಿ."

"ಅಯ್ಯ! ನಾ ನಿಮ್ಮ ಮನಿಗೇ ಹೊಂಟೀನಿ. ನಮ್ಮದೂ ಕೆಟ್ಟೈತಿ."

ಒಬ್ಬರ ಖಾಲಿ ಕೊಡವನ್ನು ಇನ್ನೊಬ್ಬರು ನೋಡಿದರು. ಆಮೇಲೆ ದೊಡ್ಡವ್ವ ನಕ್ಕಳು, ಅವ್ವ ನಕ್ಕಳು, ನಗುನಗುತ್ತ ಅವ್ವ ಅತ್ತೂ ಬಿಟ್ಟಳು. ಇಬ್ಬರ ಮನೆಯಲ್ಲೂ ನೀರು ಸೇದುವಂತಿರಲಿಲ್ಲವಲ್ಲ, ಕೂಡಿಯೇ ಗಾಣಿಗೇರ ಓಣಿಗೆ ಹೋಗಿ ಒಂದು ಮನೆಯ ಹಿತ್ತಲ ಬಾಗಿಲು ಬಡಿದರು. ಆ ಮನೆಯವರು ಗಾಬರಿಯಾಗಿ ಚಿಲಕ ತೆಗೆದರಂತೆ. ಅಂದು ಇಬ್ಬರೂ ತಿರುಗಿ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ, ಕೊಡದ ಜೊತೆಗೆ ಶೇಂಗಾ ಚಟ್ನಿ ತಂದಿದ್ದರು.

ಆಮೇಲೆ ಅದೇ ರೂಢಿಯಾಯಿತು. ದಿನಕ್ಕೊಂದು ಓಣಿ, ದಿನಕ್ಕೊಂದು ಮನೆ. ಮನೆಯಲ್ಲೇ ನೀರಿಟ್ಟುಕೊಂಡು ಊರೆಲ್ಲ ಅಲೆಯುವ ಹುಚ್ಚಿಯರು ಎಂದು ಅಪ್ಪನೂ ದೊಡ್ಡಪ್ಪನೂ ಬೈದರು, ಬೈಯುವಾಗ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಿದರು. ವರ್ಷಗಳು ಹೋದವು. ದೊಡ್ಡವ್ವ ಮೊದಲು ಹೋದಳು. ಆಮೇಲೆ ಅವ್ವ ಹಾಸಿಗೆ ಹಿಡಿದಳು. ಒಂದು ದಿನ ನಾನು ಗಂಜಿ ಕುಡಿಸುತ್ತಿದ್ದಾಗ ಏನೋ ನೆನಪಾದವಳ ಹಾಗೆ ಕೇಳಿದಳು:

"ಬಸ್ಸಿ, ರಾಟಿ ಆತೇನಬೇ?"

"ಇಲ್ಲಬೇ. ಇನ್ನಾ ಟೈಮ ಹಿಡೀತೈತಿ."

"ಹಿಡೀಲಿ ತಗೋ," ಎಂದು ಕಣ್ಣು ಮುಚ್ಚಿದಳು. "ಅಕ್ಕಂದೂ ಹಂಗ ಇರ್ಲಿ."